ಐವತ್ತೆಂಟು ದಿನದ ದಾಖಲೆ, ಆರನೆಯ ಸ್ಥಾನ: ಗಿಯೆರ್ಮೊ ಎಚೆವರ್ರಿಯಾ ಮತ್ತು ಮೆಕ್ಸಿಕೊದ ಈಜು



ಕ್ರೀಡೆಯ ಬಗ್ಗೆ ಮಾತಾಡುವ ವೇದಿಕೆಗಳಲ್ಲಿ ಗೆದ್ದವರ ಕಥೆ ಹೇಳುವುದು ರೂಢಿ. ನಾನು ಇವತ್ತು ಆರಿಸಿಕೊಂಡಿರುವುದು ಒಲಿಂಪಿಕ್ಸ್‌ನಲ್ಲಿ ಆರನೆಯವರಾಗಿ ಬಂದ ಒಬ್ಬ ಈಜುಗಾರರನ್ನು. ಹೆಸರು ಗಿಯೆರ್ಮೊ ಎಚೆವರ್ರಿಯಾ, ದೇಶ ಮೆಕ್ಸಿಕೊ, ಸ್ಪರ್ಧೆ 1500 ಮೀಟರ್ ಫ್ರೀಸ್ಟೈಲ್. 1968ರ ಜುಲೈ ತಿಂಗಳಲ್ಲಿ ಈ ದೂರವನ್ನು ಅವರಷ್ಟು ವೇಗವಾಗಿ ಈಜಿದವರು ಜಗತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ, ಸ್ವಂತ ದೇಶದ ರಾಜಧಾನಿಯಲ್ಲಿ, ಸ್ವಂತ ಜನರ ಕಣ್ಣೆದುರು ಅವರು ಬರಿಗೈಲಿ ನೀರಿನಿಂದ ಮೇಲೆ ಬಂದರು. ಆ ಎರಡು ದಿನಗಳ ನಡುವೆ ಇದ್ದದ್ದು ನಾಲ್ಕು ತಿಂಗಳಿಗೂ ಕಡಿಮೆ. ಅದರ ನಂತರದ ಐವತ್ತು ವರ್ಷಗಳಿಗೂ ಮೀರಿದ ಕಾಲವನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ, ಒಂದು ಹಬ್ಬಕ್ಕೆ ತಯಾರಾಗುವುದು ಬೇರೆ, ಒಂದು ಕ್ರೀಡೆಯನ್ನು ಬೆಳೆಸುವುದು ಬೇರೆ ಎಂಬುದು ನನಗೆ ಮನದಟ್ಟಾಗಿದೆ. ನನ್ನ ಇವತ್ತಿನ ಮಾತೆಲ್ಲ ಅಷ್ಟೇ.

1968ರ ಮೆಕ್ಸಿಕೊ ಒಲಿಂಪಿಕ್ಸ್ ಎಂದರೆ ನಮ್ಮ ದೇಶದ ಹಿರಿಯರಿಗೆ ನೆನಪಾಗುವುದು ಹಾಕಿ. ಅದುವರೆಗೆ ಪ್ರತಿ ಒಲಿಂಪಿಕ್ಸ್‌ನಲ್ಲೂ ಫೈನಲ್ ಆಡಿದ್ದ ಭಾರತ ತಂಡ ಅಲ್ಲಿ ಮೊದಲ ಬಾರಿಗೆ ಫೈನಲ್ ತಲುಪದೆ ಕಂಚಿಗೆ ಇಳಿಯಿತು. ನಮಗೆ ಕಂಚು ದುಃಖವಾಗಿದ್ದ ಅದೇ ಊರಿನಲ್ಲಿ, ಅದೇ ವಾರಗಳಲ್ಲಿ, ಆತಿಥೇಯರ ಮನೆಯ ಹುಡುಗಿಯೊಬ್ಬಳು ಗೆದ್ದ ಕಂಚಿಗೆ ಇಡೀ ದೇಶ ಕುಣಿದಿತ್ತು. ಪದಕದ ಬೆಲೆ ಲೋಹದಲ್ಲಿ ಇಲ್ಲ, ನಿರೀಕ್ಷೆಯಲ್ಲಿ ಇದೆ. ಎಚೆವರ್ರಿಯಾ ಅವರ ಕಥೆಯೂ ಅರ್ಥವಾಗುವುದು ಆ ನಿರೀಕ್ಷೆಯ ಭಾರವನ್ನು ತೂಗಿ ನೋಡಿದಾಗ.

ಮೊದಲು ಸ್ಪರ್ಧೆಯ ಸ್ವರೂಪ ಹೇಳುತ್ತೇನೆ. ಒಲಿಂಪಿಕ್ಸ್ ಕೊಳದ ಉದ್ದ 50 ಮೀಟರ್. 1500 ಮೀಟರ್ ಎಂದರೆ ಮೂವತ್ತು ಸಲ ಈ ತುದಿಯಿಂದ ಆ ತುದಿಗೆ ಹೋಗಬೇಕು, ಇಪ್ಪತ್ತೊಂಬತ್ತು ಸಲ ಗೋಡೆಯ ಬಳಿ ತಿರುಗಬೇಕು. ಕೊಳದಲ್ಲಿ ನಡೆಯುವ ಒಲಿಂಪಿಕ್ಸ್ ಸ್ಪರ್ಧೆಗಳಲ್ಲಿ ಇದಕ್ಕಿಂತ ಉದ್ದನೆಯದು ಇಲ್ಲ. ಓಟಗಾರ ತನಗೆ ಬೇಕಾದಾಗ ಉಸಿರೆಳೆದುಕೊಳ್ಳಬಹುದು. ಫ್ರೀಸ್ಟೈಲ್ ಈಜುಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ತೋಳಿನ ಬೀಸಿಗೆ ತಕ್ಕಂತೆ ತಲೆ ಹೊರಳಿಸಿದಾಗ ಮಾತ್ರ ಅವನಿಗೆ ಗಾಳಿ, ತಿರುವಿನಲ್ಲಿ ಅದೂ ಇಲ್ಲ. ಹದಿನಾರು ಹದಿನೇಳು ನಿಮಿಷ ಹೀಗೆ ಪಡಿ ಅಳೆದು ಕೊಟ್ಟ ಉಸಿರಿನಲ್ಲೇ ದೇಹವನ್ನು ನಡೆಸಬೇಕು. ಅಳತೆಯ ಎಣ್ಣೆಯಲ್ಲಿ ರಾತ್ರಿಯಿಡೀ ದೀಪ ಉರಿಸಬೇಕಾದವರ ಲೆಕ್ಕಾಚಾರ ಇದು. ಮೊದಲ ಐನೂರು ಮೀಟರಿನಲ್ಲಿ ಉತ್ಸಾಹದಿಂದ ಖರ್ಚು ಮಾಡಿದ್ದಕ್ಕೆ ಕೊನೆಯ ಐನೂರರಲ್ಲಿ ಬಡ್ಡಿ ಸಮೇತ ತೆರಬೇಕಾಗುತ್ತದೆ. ನೂರು ಮೀಟರಿನ ಈಜುಗಾರನ ತಪ್ಪು ಕ್ಷಣಾರ್ಧದಲ್ಲಿ ಮುಗಿದುಹೋಗುತ್ತದೆ, ದೂರದ ಈಜುಗಾರ ತನ್ನ ತಪ್ಪನ್ನು ಹತ್ತು ನಿಮಿಷ ಹೊತ್ತು ಈಜಬೇಕು.

ಇಂಥ ಸ್ಪರ್ಧೆಯಲ್ಲಿ 1968ರ ಜುಲೈ 7ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಎಚೆವರ್ರಿಯಾ 16 ನಿಮಿಷ 28.1 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಅದು ವಿಶ್ವದಾಖಲೆ. ಸಾಂಟಾ ಕ್ಲಾರಾ ಸಾಮಾನ್ಯ ಊರಲ್ಲ. ಜಾರ್ಜ್ ಹೇನ್ಸ್ ಎಂಬ ಮಹಾ ತರಬೇತುದಾರರು ಡಾನ್ ಶೊಲ್ಯಾಂಡರ್, ಮಾರ್ಕ್ ಸ್ಪಿಟ್ಜ್‌ ಅಂಥವರನ್ನು ತಯಾರು ಮಾಡಿದ ಕ್ಲಬ್ಬಿನ ಊರು ಅದು. ಅಮೆರಿಕದ ಈಜಿನ ತವರಿಗೇ ಹೋಗಿ, ಅಮೆರಿಕದ ಮೈಕ್ ಬರ್ಟನ್ ಹೆಸರಿನಲ್ಲಿದ್ದ 16:34.1ರ ದಾಖಲೆಯನ್ನು ಆರು ಸೆಕೆಂಡಿನಷ್ಟು ಹಿಂದೆ ಹಾಕುವುದು ಎಂಥ ಸಾಹಸ ಎಂದು ಊಹಿಸಿಕೊಳ್ಳಿ. 1960ರ ದಶಕದಲ್ಲಿ ದೂರದ ಫ್ರೀಸ್ಟೈಲ್ ಎಂದರೆ ಅಮೆರಿಕ, ಆಸ್ಟ್ರೇಲಿಯಾ ಎನ್ನುವಂತಿತ್ತು. ಆ ಪಟ್ಟಿಯಲ್ಲಿ ಒಬ್ಬ ಮೆಕ್ಸಿಕನ್ ಹೆಸರು ಮೇಲೆ ಬಂದು ಕೂತಿತು.

ಆ ದಾಖಲೆ ಉಳಿದದ್ದು 58 ದಿನ. ಸೆಪ್ಟೆಂಬರ್ 3ರಂದು ಲಾಂಗ್ ಬೀಚ್‌ನಲ್ಲಿ ಬರ್ಟನ್ 16:08.5ಕ್ಕೆ ಈಜಿ ಅದನ್ನು ಹಿಂದಕ್ಕೆ ಪಡೆದರು. ಒಂದೇ ಏಟಿಗೆ ಸುಮಾರು ಇಪ್ಪತ್ತು ಸೆಕೆಂಡುಗಳ ಅಂತರ. ಬರ್ಟನ್ ಹದಿಮೂರರ ವಯಸ್ಸಿನಲ್ಲಿ ಸೈಕಲ್ಲಿನಲ್ಲಿ ಹೋಗುವಾಗ ಲಾರಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡು, ಚೇತರಿಸಿಕೊಳ್ಳಲೆಂದು ನೀರಿಗಿಳಿದು, ಮುಂದೆ ಶೆರ್ಮನ್ ಶಾವೂರ್ ಅವರ ಕೈಯಲ್ಲಿ ಪಳಗಿದವರು. ದಿನಕ್ಕೆ ಮೈಲಿಗಟ್ಟಲೆ ಈಜಿಸುವುದಕ್ಕೆ ಹೆಸರಾದ ತರಬೇತಿ ಶಾವೂರ್ ಅವರದು. ಎಚೆವರ್ರಿಯಾ ಎದುರಿಸಬೇಕಿದ್ದದ್ದು ಬರ್ಟನ್ ಒಬ್ಬರನ್ನಲ್ಲ, ಅವರ ಬೆನ್ನಿಗಿದ್ದ ಒಂದು ಇಡೀ ಪರಂಪರೆಯನ್ನು. ಇದನ್ನು ಆಗ ಮೆಕ್ಸಿಕೊದ ಜನ ಎಷ್ಟು ಮಂದಿ ಗಮನಿಸಿದ್ದರೋ! ದೇಶದ ಮನಸ್ಸಿನಲ್ಲಿ ಕೂತಿದ್ದದ್ದು ಜುಲೈ ತಿಂಗಳ ಸುದ್ದಿ: ನಮ್ಮ ಹುಡುಗ ವಿಶ್ವದಾಖಲೆ ಮಾಡಿದ್ದಾನೆ, ಒಲಿಂಪಿಕ್ಸ್ ನಮ್ಮ ಮನೆಯಲ್ಲೇ ಇದೆ, ಇನ್ನೇನು ಬೇಕು?

ಆ ಮನೆಯ ವಾತಾವರಣವನ್ನೂ ಸ್ವಲ್ಪ ನೋಡಬೇಕು. 1963ರಲ್ಲಿ ಮೆಕ್ಸಿಕೊ ನಗರಕ್ಕೆ ಆತಿಥ್ಯ ಸಿಕ್ಕಾಗ ಲ್ಯಾಟಿನ್ ಅಮೆರಿಕದ ಯಾವ ದೇಶವೂ ಅದುವರೆಗೆ ಒಲಿಂಪಿಕ್ಸ್ ನಡೆಸಿರಲಿಲ್ಲ. ಈ ದೇಶಕ್ಕೆ ಇದೆಲ್ಲ ಸಾಧ್ಯವೇ ಎಂಬ ಅನುಮಾನಕ್ಕೆ ಉತ್ತರ ಕೊಡುವ ಹಟ ಸರ್ಕಾರಕ್ಕಿತ್ತು. ಉದ್ಘಾಟನೆಗೆ ಹತ್ತು ದಿನ ಮೊದಲು, ಅಕ್ಟೋಬರ್ 2ರಂದು, ತ್ಲಾತೆಲೋಲ್ಕೊ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಸೇನೆ ಗುಂಡು ಹಾರಿಸಿತು. ಸತ್ತವರ ಲೆಕ್ಕ ಇಂದಿಗೂ ವಿವಾದದಲ್ಲೇ ಇದೆ. ಅಕ್ಟೋಬರ್ 12ರಂದು ಎನ್ರಿಕೆತಾ ಬಸಿಲಿಯೊ ಎಂಬ ಓಟಗಾರ್ತಿ ಒಲಿಂಪಿಕ್ಸ್ ಜ್ಯೋತಿ ಬೆಳಗಿದ ಮೊದಲ ಮಹಿಳೆಯಾದರು. ನೋವೂ ಹೆಮ್ಮೆಯೂ ಒಂದರ ಮೇಲೊಂದು ಬಿದ್ದಿದ್ದ ಆ ದಿನಗಳಲ್ಲಿ ಮೆಕ್ಸಿಕೊದ ಕ್ರೀಡಾಪಟುಗಳ ಹೆಗಲ ಮೇಲೆ ಆಟಕ್ಕಿಂತ ದೊಡ್ಡ ಹೊರೆ ಇತ್ತು.

ಈಜಿಗೆಂದು ಕಟ್ಟಿದ ಒಳಾಂಗಣ ಕೊಳಕ್ಕೆ ಫ್ರಾನ್ಸಿಸ್ಕೊ ಮಾರ್ಕೆಸ್ ಎಂದು ಹೆಸರಿಟ್ಟರು. 1847ರಲ್ಲಿ ಅಮೆರಿಕದ ಸೇನೆಯ ಎದುರು ಚಪುಲ್ತೆಪೆಕ್ ಕೋಟೆಯಲ್ಲಿ ಮಡಿದ ಎಳೆಯ ಸೈನಿಕ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಚಿಕ್ಕವನ ಹೆಸರು ಅದು. ಪಕ್ಕದ ಕ್ರೀಡಾಂಗಣಕ್ಕೆ ಅದೇ ದಿನ ಮಡಿದ ಹುವಾನ್ ದೆ ಲಾ ಬರ್ರೇರಾನ ಹೆಸರು. ಅಮೆರಿಕದ ಎದುರು ಪ್ರಾಣ ಕೊಟ್ಟ ಹುಡುಗನ ಹೆಸರಿನ ಕೊಳದಲ್ಲಿ ಅಮೆರಿಕದ ಈಜುಗಾರರನ್ನು ಸೋಲಿಸಬೇಕು ಎಂಬ ಆಸೆ ಪ್ರೇಕ್ಷಕರಲ್ಲಿ ಹುಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆ ಕೊಳದಲ್ಲಿ ನಡೆದ ಮೂರು ದಿನಗಳನ್ನು ಒಟ್ಟಿಗೆ ನೋಡೋಣ.

ಅಕ್ಟೋಬರ್ 22ರಂದು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಫೈನಲ್. ಹದಿನೇಳರ ಹುಡುಗ ಫೆಲಿಪೆ ಮುನ್ಯೋಸ್ ಕೊನೆಯ ಸುತ್ತಿನಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಕೊಸಿನ್‌ಸ್ಕಿ ಅವರನ್ನು ಹಿಂದಿಕ್ಕಿ 2:28.7ಕ್ಕೆ ಚಿನ್ನ ಗೆದ್ದ. ಈಜಿನಲ್ಲಿ ಮೆಕ್ಸಿಕೊಕ್ಕೆ ಅದೇ ಮೊದಲ ಚಿನ್ನ.

ಅಕ್ಟೋಬರ್ 24ರಂದು ಮಹಿಳೆಯರ 800 ಮೀಟರ್ ಫ್ರೀಸ್ಟೈಲ್ ಫೈನಲ್. ಮಹಿಳೆಯರು ಇಷ್ಟು ದೂರ ಈಜಬಹುದು ಎಂದು ಒಲಿಂಪಿಕ್ಸ್ ಒಪ್ಪಿಕೊಂಡದ್ದೇ ಆ ವರ್ಷ. ಅಮೆರಿಕದ ಡೆಬ್ಬಿ ಮೇಯರ್ 9:24.0ಕ್ಕೆ ಗೆದ್ದರು. 200, 400, 800 ಮೂರರಲ್ಲೂ ಚಿನ್ನ ಗೆದ್ದು, ಒಂದೇ ಒಲಿಂಪಿಕ್ಸ್‌ನಲ್ಲಿ ಮೂರು ವೈಯಕ್ತಿಕ ಚಿನ್ನ ಪಡೆದ ಮೊದಲ ಈಜುಪಟು ಎನಿಸಿಕೊಂಡರು. ಅಮೆರಿಕದವರೇ ಆದ ಪ್ಯಾಮ್ ಕ್ರೂಸ್ ಎರಡನೆಯವರು. ಮೂರನೆಯ ಸ್ಥಾನಕ್ಕೆ ಆಸ್ಟ್ರೇಲಿಯಾದ ಕರೆನ್ ಮೊರಾಸ್ ಮತ್ತು ಮೆಕ್ಸಿಕೊದ ಮರಿಯಾ ತೆರೆಸಾ ರಮಿರೆಸ್ ನಡುವೆ ಪೈಪೋಟಿ. ಮೊರಾಸ್ ಆಗಲೇ 400 ಮೀಟರಿನಲ್ಲಿ ಕಂಚು ಗೆದ್ದಿದ್ದರು. ಮನೆಯವರು ಮರಿತೆರೆ ಎಂದು ಕರೆಯುತ್ತಿದ್ದ ರಮಿರೆಸ್ ಇನ್ನೂ ಶಾಲೆಗೆ ಹೋಗುವ ವಯಸ್ಸಿನವರು. ಹದಿನಾರು ಉದ್ದ ಈಜಿ ಇಬ್ಬರೂ ಗೋಡೆ ಮುಟ್ಟಿದಾಗ ಗಡಿಯಾರ ತೋರಿಸಿದ್ದು ರಮಿರೆಸ್ 9:38.5, ಮೊರಾಸ್ 9:38.6.

ಈ ಒಂದು ದಶಾಂಶ ಸೆಕೆಂಡಿನ ಬಳಿ ಸ್ವಲ್ಪ ನಿಲ್ಲಬೇಕು. ಅವರು ಈಜುತ್ತಿದ್ದ ವೇಗದಲ್ಲಿ ಆ ಅವಧಿಯಲ್ಲಿ ದಾಟುವ ದೂರ ಸುಮಾರು 14 ಸೆಂಟಿಮೀಟರ್. ಎಂಟುನೂರು ಮೀಟರ್ ಈಜಿದ ಮೇಲೆ ಒಂದು ಗೇಣಿಗೂ ಕಡಿಮೆ ಅಂತರದಲ್ಲಿ ಪದಕ ನಿರ್ಧಾರವಾಯಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪುರುಷರ 100 ಮೀಟರ್ ಫ್ರೀಸ್ಟೈಲ್ ಗೆದ್ದವರು ಯಾರು ಎಂಬುದನ್ನು ತೀರ್ಪುಗಾರರ ಕಣ್ಣಿಗೆ ಬಿಟ್ಟು ದೊಡ್ಡ ಜಗಳವೇ ಆಗಿತ್ತು. ಗೋಡೆಯ ಮೇಲಿನ ಹಲಗೆಯನ್ನು ಕೈ ತಾಗಿದ ಕ್ಷಣವೇ ಗಡಿಯಾರ ನಿಲ್ಲುವ ವ್ಯವಸ್ಥೆ ಒಲಿಂಪಿಕ್ಸ್‌ಗೆ ಬಂದದ್ದು ಮೆಕ್ಸಿಕೊದಲ್ಲಿ. ಆ ಹಲಗೆ ಇಲ್ಲದಿದ್ದರೆ ಆ ಕಂಚು ಯಾರ ಕೊರಳಿಗೆ ಬೀಳುತ್ತಿತ್ತೋ ಹೇಳಲಾಗದು. ಆ ಒಲಿಂಪಿಕ್ಸ್‌ನಲ್ಲಿ ಮೆಕ್ಸಿಕೊ ಗೆದ್ದ ಒಂಬತ್ತು ಪದಕಗಳಲ್ಲಿ ಮಹಿಳೆಯರ ಪಾಲು ಎರಡು: ಕತ್ತಿವರಸೆಯಲ್ಲಿ ಪಿಲಾರ್ ರೊಲ್ದಾನ್ ಅವರ ಬೆಳ್ಳಿ, ನೀರಿನಲ್ಲಿ ರಮಿರೆಸ್ ಅವರ ಕಂಚು.

ಅಕ್ಟೋಬರ್ 26, ಶನಿವಾರ. ಈಜು ಸ್ಪರ್ಧೆಗಳ ಕೊನೆಯ ದಿನ. ಎರಡು ದಿನಕ್ಕೊಂದರಂತೆ ಪದಕ ಕಂಡಿದ್ದ ಪ್ರೇಕ್ಷಕರು ಮೂರನೆಯದಕ್ಕೆ ಕಾದಿದ್ದರು. 1500 ಮೀಟರಿನ ಫೈನಲ್‌ನ ಎಂಟು ಮಂದಿಯಲ್ಲಿ ಇಬ್ಬರು ಮೆಕ್ಸಿಕೊದವರು, ಎಚೆವರ್ರಿಯಾ ಮತ್ತು ಹುವಾನ್ ಅಲನೀಸ್. ಬರ್ಟನ್ 16:38.9ಕ್ಕೆ ಗೆದ್ದರು. ಅಮೆರಿಕದವರೇ ಆದ ಜಾನ್ ಕಿನ್ಸೆಲ್ಲಾ ಬೆಳ್ಳಿ, ಆಸ್ಟ್ರೇಲಿಯಾದ ಗ್ರೆಗ್ ಬ್ರೋ ಕಂಚು ಗೆದ್ದರು. ಎಚೆವರ್ರಿಯಾ ಆರನೆಯವರು, ಅವರ ಕಾಲ 17:36.4. ಅಲನೀಸ್ ಏಳನೆಯವರು.

ಈ ಅಂಕಿಗಳನ್ನು ನೂರು ಮೀಟರಿಗೆ ಇಷ್ಟು ಎಂದು ಭಾಗಿಸಿ ನೋಡಿ. ಸಾಂಟಾ ಕ್ಲಾರಾದಲ್ಲಿ ಎಚೆವರ್ರಿಯಾ ಪ್ರತಿ ನೂರು ಮೀಟರಿಗೆ ತೆಗೆದುಕೊಂಡದ್ದು ಸರಾಸರಿ 66 ಸೆಕೆಂಡು. ಮೆಕ್ಸಿಕೊದಲ್ಲಿ 70ಕ್ಕೂ ಹೆಚ್ಚು. ಒಟ್ಟು 68 ಸೆಕೆಂಡು ನಿಧಾನ. ಬರ್ಟನ್ ಕೂಡ ತಮ್ಮ ದಾಖಲೆಗಿಂತ 30 ಸೆಕೆಂಡು ನಿಧಾನವಾಗಿದ್ದರು, ಮೇಯರ್ 800 ಮೀಟರಿನಲ್ಲಿ ತಮ್ಮ 9:10.4ರ ದಾಖಲೆಗಿಂತ ಹದಿನಾಲ್ಕು ಸೆಕೆಂಡು ಹಿಂದಿದ್ದರು. ಎಲ್ಲರನ್ನೂ ನಿಧಾನಗೊಳಿಸಿದ್ದು ಎತ್ತರ. ಮೆಕ್ಸಿಕೊ ನಗರ ಸಮುದ್ರ ಮಟ್ಟದಿಂದ 2240 ಮೀಟರ್ ಮೇಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ತೀರದಲ್ಲಿ ಸಿಗುವುದಕ್ಕಿಂತ ಹೆಚ್ಚುಕಡಿಮೆ ಕಾಲು ಭಾಗ ಕಡಿಮೆ. ತೆಳುಗಾಳಿ ಉದ್ದ ಜಿಗಿತಗಾರ ಬಾಬ್ ಬೀಮನ್ ಅವರನ್ನು 8.90 ಮೀಟರ್ ಹಾರಿಸಿತು, ದೂರ ಹೋಗುವವರನ್ನು ಮಾತ್ರ ಹಿಂಡಿಹಾಕಿತು.

ಎತ್ತರದ ನಾಡಿನಲ್ಲಿ ಅಭ್ಯಾಸ ಮಾಡಿದವರಿಗೆ ಇದು ಅನುಕೂಲವಾಗಬೇಕಿತ್ತಲ್ಲ ಎಂದು ಕೇಳುವವರಿದ್ದಾರೆ. ನಂಬಿಕೆ ಹಾಗಿತ್ತು, ಶರೀರಶಾಸ್ತ್ರ ಹಾಗಿಲ್ಲ. ಎತ್ತರದಲ್ಲಿ ಬದುಕಿದರೆ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚುತ್ತವೆ ಎಂಬುದು ನಿಜ. ಆದರೆ ಆಮ್ಲಜನಕ ಸಾಲದ ಕಾರಣ ಅಲ್ಲಿ ಸ್ಪರ್ಧೆಯ ವೇಗದಲ್ಲಿ ದಿನದಿನವೂ ಅಭ್ಯಾಸ ಮಾಡುವುದು ಕಷ್ಟ, ತೋಳಿಗೆ ವೇಗದ ರೂಢಿ ತಪ್ಪುತ್ತದೆ. ಎತ್ತರದಲ್ಲಿ ವಾಸಿಸಿ, ತಗ್ಗಿನಲ್ಲಿ ಅಭ್ಯಾಸ ಮಾಡಬೇಕೆಂಬ ಸೂತ್ರವನ್ನು ವಿಜ್ಞಾನಿಗಳು ಪರೀಕ್ಷಿಸಿ ಮುಂದಿಟ್ಟದ್ದು 1990ರ ದಶಕದಲ್ಲಿ. ಎತ್ತರದ ಪರಿಣಾಮ ತಿಳಿಯಲೆಂದೇ ಒಲಿಂಪಿಕ್ಸ್‌ಗೆ ಮುಂಚಿನ ಮೂರು ವರ್ಷ ಮೆಕ್ಸಿಕೊ ನಗರದಲ್ಲಿ ಅಂತರರಾಷ್ಟ್ರೀಯ ಪ್ರಯೋಗ ಸ್ಪರ್ಧೆಗಳು ನಡೆದಿದ್ದವು, ಆದರೂ ಆ ಕಾಲದ ತಿಳಿವಳಿಕೆ ಅಷ್ಟೇ ಇತ್ತು.

ಎತ್ತರವೊಂದೇ ಕಾರಣ ಎಂದೂ ನಾನು ಹೇಳುವುದಿಲ್ಲ. ಬರ್ಟನ್ ಅವರ ನಷ್ಟಕ್ಕಿಂತ ಎಚೆವರ್ರಿಯಾ ಅವರ ನಷ್ಟ ಎರಡು ಪಟ್ಟಿಗಿಂತ ಹೆಚ್ಚು. ದೂರದ ಈಜಿನಲ್ಲಿ ಮನಸ್ಸು ಕೂಡ ಆಮ್ಲಜನಕವನ್ನು ತಿನ್ನುತ್ತದೆ. ಇಪ್ಪತ್ತರ ಆಸುಪಾಸಿನ ಒಬ್ಬ ತರುಣನಿಗೆ, ನೀನು ಗೆದ್ದೇ ಗೆಲ್ಲುತ್ತೀಯೆ ಎಂದು ಇಡೀ ದೇಶ ಹೇಳಿದರೆ ಅದು ಪ್ರೋತ್ಸಾಹವಾಗಿ ಉಳಿಯುವುದಿಲ್ಲ, ಸಾಲವಾಗುತ್ತದೆ. ಮುನ್ಯೋಸ್ ಮತ್ತು ರಮಿರೆಸ್ ನೀರಿಗೆ ಧುಮುಕಿದಾಗ ಅವರ ಮೇಲೆ ಆ ಸಾಲ ಇರಲಿಲ್ಲ. ಮೂವರೂ ಒಂದೇ ತಂಡದವರು, ರೊನಾಲ್ಡ್ ಜಾನ್ಸನ್ ಎಂಬ ಅಮೆರಿಕದ ತರಬೇತುದಾರರ ಕೆಳಗೆ ಪಳಗಿದ ತಂಡದವರು. ಮೂವರಲ್ಲಿ ಅತಿ ದೊಡ್ಡ ಹೆಸರು ಹೊತ್ತು ಬಂದವರಿಗೇ ಪದಕ ಸಿಗಲಿಲ್ಲ.

ಅದೇ ಒಲಿಂಪಿಕ್ಸ್‌ನಲ್ಲಿ ಇನ್ನೊಬ್ಬ ವಿಶ್ವದಾಖಲೆಗಾರ ಆರನೆಯವರಾಗಿ ಬಂದಿದ್ದರು. ಆಸ್ಟ್ರೇಲಿಯಾದ ಓಟಗಾರ ರಾನ್ ಕ್ಲಾರ್ಕ್, 10,000 ಮೀಟರಿನಲ್ಲಿ. ಗುರಿ ದಾಟಿದೊಡನೆ ಪ್ರಜ್ಞೆ ತಪ್ಪಿ ಬಿದ್ದ ಅವರಿಗೆ ಆಮ್ಲಜನಕ ಕೊಡಬೇಕಾಯಿತು. ಕ್ಲಾರ್ಕ್ ಎಂದೂ ಒಲಿಂಪಿಕ್ಸ್ ಚಿನ್ನ ಗೆಲ್ಲಲಿಲ್ಲ. ಆದರೂ ಮಹಾ ಓಟಗಾರ ಎಮಿಲ್ ಜಾಟೊಪೆಕ್ ತಮ್ಮ 1952ರ ಚಿನ್ನದ ಪದಕಗಳಲ್ಲಿ ಒಂದನ್ನು ಅವರ ಕೈಗಿತ್ತು ಗೌರವಿಸಿದ್ದರು. ಕ್ಲಾರ್ಕ್ ಹೆಸರು ಇಂದಿಗೂ ಓಟದ ಲೋಕದಲ್ಲಿ ಎತ್ತರದಲ್ಲಿದೆ. ದಾಖಲೆ ಮಾಡಿದವರನ್ನು ಒಂದು ದಿನದ ಆರನೆಯ ಸ್ಥಾನಕ್ಕಾಗಿ ಮರೆಯಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಎಚೆವರ್ರಿಯಾ ಅವರಿಗೂ ಆ ನ್ಯಾಯ ಸಲ್ಲಬೇಕು. 16:28.1 ಎಂಬುದು ಆಕಸ್ಮಿಕವಾಗಿ ಬರುವ ಅಂಕಿಯಲ್ಲ. ಮೂವತ್ತು ಉದ್ದಗಳನ್ನು ಒಂದೊಂದಾಗಿ ಸರಿಯಾಗಿ ಈಜಿದವರಿಗೆ ಮಾತ್ರ ಅದು ಸಿಗುತ್ತದೆ.

ಸಭಿಕರೆ, ಇಲ್ಲಿಂದ ಮುಂದಿನದು ನನ್ನನ್ನು ಹೆಚ್ಚು ಕಾಡುವ ಭಾಗ. 1968ರ ಅಕ್ಟೋಬರಿನಲ್ಲಿ ಮೆಕ್ಸಿಕೊದ ಕೈಯಲ್ಲಿ ಏನೆಲ್ಲ ಇತ್ತು ಎಂದು ಪಟ್ಟಿ ಮಾಡಿ. ಹೊಚ್ಚ ಹೊಸ ಒಲಿಂಪಿಕ್ಸ್ ಕೊಳ. ಹದಿನೇಳರ ಚಿನ್ನದ ಹುಡುಗ. ಶಾಲೆಯ ವಯಸ್ಸಿನ ಕಂಚಿನ ಹುಡುಗಿ. ವಿಶ್ವದಾಖಲೆ ಬರೆದಿದ್ದ ದೂರದ ಈಜುಗಾರ. 1500 ಮೀಟರ್ ಫೈನಲ್‌ನಲ್ಲಿ ಇಬ್ಬರು. ಯಾವ ದೇಶವೂ ಅಸೂಯೆಪಡುವಂಥ ಆಸ್ತಿ. ಅಲ್ಲಿಂದ 2024ರ ಪ್ಯಾರಿಸ್‌ವರೆಗೆ ಹದಿನಾಲ್ಕು ಒಲಿಂಪಿಕ್ಸ್ ನಡೆದಿವೆ. ಈಜಿನಲ್ಲಿ ಮೆಕ್ಸಿಕೊ ಗೆದ್ದ ಪದಕ ಒಂದೂ ಇಲ್ಲ. ರಮಿರೆಸ್ 1972ರ ಮ್ಯೂನಿಕ್‌ನಲ್ಲೂ ಈಜಿದರು, ಪದಕ ಬರಲಿಲ್ಲ. ಒಲಿಂಪಿಕ್ಸ್ ಈಜಿನಲ್ಲಿ ಪದಕ ಗೆದ್ದ ಮೆಕ್ಸಿಕೊದ ಏಕೈಕ ಮಹಿಳೆಯಾಗಿ ಅವರು ಇಂದಿಗೂ ಉಳಿದಿದ್ದಾರೆ. ಜಾನ್ಸನ್ ಮುಂದೆ ಅಮೆರಿಕದ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತುದಾರರಾದರು.

ನೀರು ಮೆಕ್ಸಿಕೊದವರಿಗೆ ಒಲಿಯದು ಎಂದು ಯಾರಾದರೂ ಹೇಳಿದರೆ ಡೈವಿಂಗ್ ಕಡೆ ಕೈ ತೋರಿಸಿ. ಹೊಆಕಿನ್ ಕಪಿಲ್ಲಾ 1948ರಿಂದ 1956ರವರೆಗೆ ಮೂರು ಒಲಿಂಪಿಕ್ಸ್‌ಗಳಲ್ಲಿ ನಾಲ್ಕು ಪದಕ ಗೆದ್ದರು. 1968ರಲ್ಲಿ ಆಲ್ವಾರೊ ಗಾಶಿಯೋಲಾ, 1980ರಲ್ಲಿ ಕಾರ್ಲೊಸ್ ಹಿರೋನ್, 1988ರಲ್ಲಿ ಹೆಸುಸ್ ಮೆನಾ, 2000ದಲ್ಲಿ ಫೆರ್ನಾಂದೊ ಪ್ಲಾತಾಸ್. 2008ರಿಂದ ಈಚೆಗೆ ಮೆಕ್ಸಿಕೊ ಡೈವಿಂಗ್‌ನಲ್ಲಿ ಪದಕವಿಲ್ಲದೆ ಮರಳಿದ ಒಲಿಂಪಿಕ್ಸ್ ಇಲ್ಲ. ಡೈವಿಂಗ್ ಪಟು ಪಾವೊಲಾ ಎಸ್ಪಿನೋಸಾ ಅವರಿಗೆ ಕಲಿಸಿದ ಮಾ ಜಿನ್ ಎಂಬ ಚೀನಾ ಮೂಲದ ತರಬೇತುದಾರರೇ, ಪ್ಯಾರಿಸ್‌ನಲ್ಲಿ ಎರಡು ಪದಕ ಗೆದ್ದ ಓಸ್ಮಾರ್ ಓಲ್ವೆರಾಗೂ ಕಲಿಸಿದವರು. ಅದೇ ದೇಶ, ಅದೇ ಹಣಕಾಸು, ಅದೇ ಎತ್ತರ. ಒಂದು ಕಡೆ ಗುರುಗಳಿಂದ ಶಿಷ್ಯರಿಗೆ ವಿದ್ಯೆ ಹರಿಯುತ್ತ ಬಂತು, ಇನ್ನೊಂದು ಕಡೆ ಕೊಂಡಿ ಕಳಚಿತು. ಕೊಳ ಇದ್ದರೆ ಸಾಲದು, ಬೆಳಗಿನ ಜಾವ ಅದರ ದಂಡೆಯ ಮೇಲೆ ಇಪ್ಪತ್ತು ವರ್ಷ ನಿಂತಿರುವ ಒಬ್ಬ ತರಬೇತುದಾರ ಬೇಕು.

ಹಬ್ಬದ ಆಸೆ ಮಾತ್ರ ಮುಂದುವರಿಯಿತು. 2017ರ ವಿಶ್ವ ಜಲಕ್ರೀಡಾ ಚಾಂಪಿಯನ್‌ಶಿಪ್ ನಡೆಸಲು ಗ್ವಾದಲಹಾರಾ ನಗರ ಒಪ್ಪಿಕೊಂಡಿತ್ತು. 2015ರಲ್ಲಿ ಹಣವಿಲ್ಲವೆಂದು ಮೆಕ್ಸಿಕೊ ಹಿಂದೆ ಸರಿದು, ಆ ಕೂಟ ಬುಡಾಪೆಸ್ಟ್‌ಗೆ ಹೋಯಿತು. ಇದನ್ನು ಆ ದೇಶವನ್ನು ಹೀಗಳೆಯಲು ಹೇಳುತ್ತಿಲ್ಲ. ದೊಡ್ಡ ಕೂಟಗಳ ಕನಸು ಕಾಣುವ ಎಲ್ಲ ದೇಶಗಳಿಗೂ ಇದು ಅನ್ವಯಿಸುತ್ತದೆ, ಒಲಿಂಪಿಕ್ಸ್ ಆತಿಥ್ಯ ಬೇಕೆಂದು ಕೇಳುತ್ತಿರುವ ನಮಗೂ.

2024ರ ಪ್ಯಾರಿಸ್‌ನಲ್ಲಿ ನಮ್ಮ ಬೆಂಗಳೂರಿನ ಧೀನಿಧಿ ದೇಸಿಂಗು 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಈಜಿದರು. ಆಗ ಅವರ ವಯಸ್ಸು ಹದಿನಾಲ್ಕು, ಭಾರತದ ತಂಡದಲ್ಲೇ ಎಲ್ಲರಿಗಿಂತ ಚಿಕ್ಕವರು. ಅಂಥ ಮಕ್ಕಳನ್ನು ನೋಡಿದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು, ಪದಕ ಯಾವಾಗ ಎಂಬುದು. ದಯವಿಟ್ಟು ಆ ಮಾತನ್ನು ತಡೆದುಕೊಳ್ಳಿ. ಅದರ ಬದಲು ಕೇಳಬೇಕಾದ ಪ್ರಶ್ನೆಗಳಿವೆ. ಈ ಮಗುವಿಗೆ ಕಲಿಸಿದವರಿಗೆ ನೆಮ್ಮದಿಯ ಸಂಬಳ ಇದೆಯೇ? ಇವರ ಹಿಂದೆ ಇನ್ನೂ ಹತ್ತು ಮಕ್ಕಳು ಬರುತ್ತಿದ್ದಾರೆಯೇ? ಜಿಲ್ಲಾ ಕೇಂದ್ರದ ಈಜುಕೊಳ ವರ್ಷದಲ್ಲಿ ಎಷ್ಟು ತಿಂಗಳು ತೆರೆದಿರುತ್ತದೆ? ಆರನೆಯವರಾಗಿ ಬಂದವರನ್ನು ಕೂಡ ಊರು ಹಾರ ಹಾಕಿ ಬರಮಾಡಿಕೊಳ್ಳುತ್ತದೆಯೇ?

ನಾನು ಮಾಡುವ ವಿನಂತಿ ಒಂದೇ. ನಿಮ್ಮ ಊರಿನಲ್ಲಿ ಮಕ್ಕಳಿಗೆ ಈಜು ಕಲಿಸುವ ಒಬ್ಬ ತರಬೇತುದಾರರನ್ನು ಗುರುತಿಸಿ, ಅವರು ಹತ್ತು ವರ್ಷ ಅಲ್ಲೇ ನಿಲ್ಲುವಂತೆ ನೋಡಿಕೊಳ್ಳಿ. ಪದಕ ಬಂದಾಗ ಸನ್ಮಾನ ಮಾಡುವವರು ನೂರು ಜನ ಸಿಗುತ್ತಾರೆ. ಪದಕ ಬಾರದ ವರ್ಷಗಳಲ್ಲಿ ಅವರ ಜೊತೆ ನಿಲ್ಲುವವರು ನೀವಾಗಿ.